ದಾದಾಭಾಯಿ ನವರೋಜಿ

ದಾದಾಭಾಯಿ ನವರೋಜಿ (4 ಸೆಪ್ಟೆಂಬರ್ 1825 – 30 ಜೂನ್ 1917) ಭಾರತದ ಬಡತನದ ಕಾರಣವನ್ನು ಅಂಕಿ-ಅಂಶಗಳ ಮೂಲಕ ಶೋಧಿಸಿದವರಲ್ಲಿ ಮೊದಲಿಗರು. ಮುಂಬಯಿಯ ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಈ ಪಾರ್ಸಿ ವಿದ್ವಾಂಸರು 1855ರಲ್ಲಿ ವ್ಯಾಪಾರಕ್ಕಾಗಿ ಲಂಡನ್ನಿಗೆ ತೆರಳಿದರು.

ಪ್ರಾಂತಗಳ ಬೆಳೆ ಮತ್ತು ಇತರ ಉತ್ಪನ್ನಗಳ ಮೌಲ್ಯವನ್ನು ಕೂಡಿಸಿ, 1867–68ರಲ್ಲಿ ಬ್ರಿಟಿಷ್ ಭಾರತದ ತಲಾ ವಾರ್ಷಿಕ ಆದಾಯ ಸುಮಾರು 20 ರೂಪಾಯಿಯೆಂದು ಅವರು ಅಂದಾಜಿಸಿದರು. ಸೇವೆಗಳನ್ನು ಗಣಿಸದ ಈ ಲೆಕ್ಕ ಸ್ಥೂಲವಾದುದೇ ಸರಿ. ಆದರೆ ಅವರು ಅದನ್ನು ಹೋಲಿಸಿದ್ದು ಸೆರೆಮನೆಯ ಕೈದಿಯ ಊಟ-ಬಟ್ಟೆಗೆ ಸರ್ಕಾರ ಮಾಡುತ್ತಿದ್ದ ವೆಚ್ಚದೊಂದಿಗೆ. ಪ್ರಜೆಯ ಸರಾಸರಿ ಪಾಲು ಅದಕ್ಕಿಂತಲೂ ಕಡಿಮೆಯಿತ್ತು.

ಅಧಿಕ ಜನಸಂಖ್ಯೆಯೇ ಬಡತನಕ್ಕೆ ಕಾರಣವೆಂಬ ವಾದವನ್ನು ಅವರು ಒಪ್ಪಲಿಲ್ಲ. ಇಲ್ಲಿನ ತೆರಿಗೆಯ ಒಂದು ಭಾಗ ಅಧಿಕಾರಿಗಳ ಪಿಂಚಣಿ, ಸಾಲದ ಬಡ್ಡಿ ಮುಂತಾದ ರೂಪದಲ್ಲಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಹೀಗಾಗಿ ಬೇಸಾಯಕ್ಕೂ ಕೈಗಾರಿಕೆಗೂ ತೊಡಗಿಸಬೇಕಾದ ಬಂಡವಾಳವು ದೇಶದಲ್ಲಿ ಸಂಚಯವಾಗದೆ ಉತ್ಪಾದನೆ ಕುಂಠಿತವಾಯಿತೆಂಬುದು ಅವರ ‘ಸಂಪತ್ತಿನ ಸೋರಿಕೆ’ ಸಿದ್ಧಾಂತದ ತಿರುಳು. ಸೋರಿಕೆಯ ಪ್ರಮಾಣವನ್ನು ಕುರಿತು ಆರ್ಥಿಕ ಇತಿಹಾಸಕಾರರಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿದೆ.

1892ರಲ್ಲಿ ಕೇವಲ 5 ಮತಗಳ ಅಂತರದಿಂದ ಬ್ರಿಟಿಷ್ ಸಂಸತ್ತಿಗೆ ಆಯ್ಕೆಯಾದ ನವರೋಜಿ, ಅಲ್ಲಿಯೂ ಈ ವಾದವನ್ನು ಮಂಡಿಸಿದರು. ಅವರ ಬರಹಗಳ ಸಂಗ್ರಹ ‘ಪಾವರ್ಟಿ ಅಂಡ್ ಅನ್‌ಬ್ರಿಟಿಷ್ ರೂಲ್ ಇನ್ ಇಂಡಿಯಾ’ 1901ರಲ್ಲಿ ಪ್ರಕಟವಾಯಿತು.