ಗುಬ್ಬಿ ವೀರಣ್ಣನವರು ಮತ್ತು ಸಿನಿಮಾದ ರೊಕ್ಕ

ಈ ಸಲ ಗೋಡೆ ಪತ್ರಿಕೆಗೆ ಒಬ್ಬ ದೊಡ್ಡವರ ಜೀವನ ಚರಿತ್ರೆ ಬರೀಬೇಕೆಂದು ಗುರುಗಳು ಹೇಳಿದಾಗ ನಮ್ಮ ವರ್ಗದವರೆಲ್ಲ ಗಾಂಧೀಜಿ, ಬಸವಣ್ಣ, ಕಿತ್ತೂರ ಚೆನ್ನಮ್ಮ ಎಂದು ಹಂಚಿಕೊಂಡುಬಿಟ್ಟರು. ನಾನು ಗುಬ್ಬಿ ವೀರಣ್ಣನವರನ್ನು ಆರಿಸಿಕೊಂಡೆ. ಅವರು ತುಮಕೂರು ಕಡೆಯವರು, ನಮಗೆ ಬಹಳ ದೂರ. ಆದರೆ ಅವರ ಕಥೆಗೂ ನಮ್ಮ ಮನೆಯ ಒಂದು ಜಗಳಕ್ಕೂ ಸಂಬಂಧ ಐತಿ. ಅದನ್ನು ಮೊದಲು ಹೇಳ್ತೀನಿ.

ಬನದ ಹುಣ್ಣಿಮೆಗೆ ನಮ್ಮೂರ ಬನಶಂಕರಿ ಜಾತ್ರೆ ಆಗುವುದು ನಿಮಗೆಲ್ಲ ಗೊತ್ತು. ತೇರು ಎಳೆದ ಮೇಲೂ ನಾಟಕ ಕಂಪನಿಗಳು ತಿಂಗಳ ತನಕ ಟೆಂಟ್ ಹಾಕಿಕೊಂಡು ಇರ್ತಾವು. ಒಂದು ವರ್ಷ ನಮ್ಮಪ್ಪ ಒಂದು ಕಂಪನಿಗೆ ಕುರ್ಚಿ ಮತ್ತು ತಗಡು ಬಾಡಿಗೆ ಕೊಟ್ಟಿದ್ದ. ಅವರು ಅರ್ಧ ಬಾಡಿಗೆ ಬಾಕಿ ಉಳಿಸಿ ರಾತ್ರೋರಾತ್ರಿ ಲಾರಿ ತುಂಬಿಕೊಂಡು ಹೋದರು. ಕಂಪನಿಯ ಹೆಸರು ಬರೆಯೋದು ಬ್ಯಾಡ ಅಂತ ಅಪ್ಪ ಹೇಳ್ಯಾನ. ಇನ್ನು ಮುಂದೆ ನಾಟಕದವರಿಗೆ ಒಂದು ಕುರ್ಚಿನೂ ಕೊಡಬಾರದೆಂದು ಅವ್ವ ಸಿಟ್ಟಾದಳು. ಟಿಕೀಟು ಹರಿಯದಿದ್ದರೆ ಅವರಾದರೂ ಎಲ್ಲಿಂದ ಕೊಡ್ತಾರ ಎಂಬುದು ಅಪ್ಪನ ಮಾತು. ಆಗ ಅಜ್ಜ, ನಾಟಕದ ರೊಕ್ಕದಾಗ ಸಿನಿಮಾ ತೆಗೆದ ಮನುಷ್ಯ ಒಬ್ಬ ಇದ್ದ ಎಂದು ವೀರಣ್ಣನವರ ಸುದ್ದಿ ತೆಗೆದ. ಉಳಿದದ್ದನ್ನು ನಾನು ಪುಸ್ತಕ ಓದಿ, ಗುರುಗಳನ್ನು ಕೇಳಿ ತಿಳಿದುಕೊಂಡೆ.

ವೀರಣ್ಣನವರು 1891ರಲ್ಲಿ ಗುಬ್ಬಿಯಲ್ಲಿ ಜನಿಸಿದರು. ಅವರ ಊರಿನ ಚನ್ನಬಸವೇಶ್ವರ ನಾಟಕ ಕಂಪನಿ ಅವರಿಗಿಂತ ಹಳೆಯದು, 1884ರದ್ದು. ನಮ್ಮೂರಿನ ಒಂದನೇತ್ತೆ ಹುಡುಗರಷ್ಟು ಸಣ್ಣವರಿದ್ದಾಗಲೇ ಅವರು ಅದನ್ನು ಸೇರಿ ಬಾಲಪಾತ್ರ ಮಾಡಿದರು. ದೊಡ್ಡವರಾದ ಮೇಲೆ ಹಾಸ್ಯ ಪಾತ್ರಕ್ಕೆ ಹೆಸರಾದರು. ಸದಾರಮೆ ನಾಟಕದ ಕಳ್ಳನ ಪಾತ್ರ ನೋಡಲಿಕ್ಕೆ ಜನ ಮುಗಿಬೀಳುತ್ತಿದ್ದರಂತೆ. 1917ರಲ್ಲಿ ಅವರೇ ಕಂಪನಿಯ ಮಾಲೀಕರಾದರು. ಮುಂದೆ ಕುರುಕ್ಷೇತ್ರ ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದರು. ಆನೆಗೆ ದಿನಾ ಮೇವು ಹಾಕಬೇಕಲ್ಲ! ಅಷ್ಟು ಕಲೆಕ್ಷನ್ ಇತ್ತು ಅಂತಾಯ್ತು.

ಇಷ್ಟು ಚೆನ್ನಾಗಿ ನಡೆಯುವಾಗ ಅವರು ಸಿನಿಮಾಕ್ಕೆ ಯಾಕೆ ಹೋದರು ಎಂದು ನನಗೆ ಅನಿಸಿತು. ನಾಟಕದಾಗ ಇವತ್ತಿನ ಗಲ್ಲಾದಿಂದ ಇವತ್ತಿನ ಅಡುಗೆ ನಡೀತದ. ಸಿನಿಮಾ ಹಂಗಲ್ಲ. ಮೊದಲನೇ ಟಿಕೀಟು ಹರಿಯುವ ಮೊದಲೇ ಎಲ್ಲಾ ರೊಕ್ಕ ಖರ್ಚಾಗಿ ಹೋಗಿರ್ತದ. ಆಗ ಫಿಲ್ಮ್ ರೀಲು, ಸ್ಟುಡಿಯೋ ಬಾಡಿಗೆ, ನಟರ ಊಟ, ತೊಳೆಯುವ ಖರ್ಚು ಎಲ್ಲಾ ಮುಂಗಡವೇ ಇತ್ತು. ಹತ್ತು ಥಿಯೇಟರಿನಲ್ಲಿ ಒಮ್ಮೆಲೇ ತೋರಿಸಬೇಕಾದರೆ ಹತ್ತು ಪ್ರತಿ ಬೇಕಿತ್ತು. ಆದರೂ ನಾಟಕದವರು ಒಂದು ರಾತ್ರಿ ಒಂದೇ ಊರಾಗ ಇರಬಹುದು, ಸಿನಿಮಾ ಡಬ್ಬಿಯೊಳಗೆ ಕೂತು ಎಲ್ಲಾ ಊರಿಗೂ ಹೋಗ್ತಿತ್ತು. ಬಹುಶಃ ಅದೇ ಆಸೆ.

1930ರ ಸುಮಾರಿಗೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಎಂಬ ಸಂಸ್ಥೆ ಶುರುವಾಯಿತು. ಅದಕ್ಕೆ ವೀರಣ್ಣನವರ ಬೆಂಬಲ ಇತ್ತು. ದೇವುಡು ನರಸಿಂಹ ಶಾಸ್ತ್ರಿಗಳೂ ಜೊತೆಗಿದ್ದರು. ಹರಿಮಾಯಾ ಮುಂತಾದ ಮೂಕಿ ಚಿತ್ರಗಳನ್ನು ತೆಗೆದರು. ಮೂಕಿ ಎಂದರೆ ಮಾತಿಲ್ಲದ್ದು. ಆದರೆ ಅವರ ನಸೀಬು ನೋಡ್ರಿ. 1931ರ ಮಾರ್ಚ್ 14ರಂದು ಮುಂಬಯಿಯಲ್ಲಿ ಆಲಂ ಆರಾ ಎಂಬ ಮಾತಾಡುವ ಚಿತ್ರ ಬಂದುಬಿಟ್ಟಿತು! ಮಾತಾಡುವ ಸಿನಿಮಾ ಕೇಳಿದ ಜನಕ್ಕೆ ಮೂಕಿ ಯಾಕೆ ಬೇಕು? ಕಷ್ಟಪಟ್ಟು ಕಲಿತದ್ದು, ಹಾಕಿದ ರೊಕ್ಕ ಎರಡೂ ಹಳೇದಾಗಿ ಹೋದವು. ಸಂಸ್ಥೆ ನಿಂತಿತು. ನಮ್ಮಪ್ಪನ ಬಾಡಿಗೆ ಹೋದದ್ದು ಇದರ ಮುಂದೆ ಏನೂ ಅಲ್ಲ.

ವೀರಣ್ಣನವರು ಮಾತ್ರ ನಾಟಕದ ಟೆಂಟನ್ನು ಮಾರಿರಲಿಲ್ಲ. ಇದೇ ಅವರ ಜಾಣತನ ಎಂದು ನನ್ನ ಅಭಿಪ್ರಾಯ. ಸಿನಿಮಾದಾಗ ಕಳೆದಾಗ ಮತ್ತೆ ಊರೂರು ತಿರುಗಿ ನಾಟಕ ಆಡಿ ಕಂಪನಿ ನಡೆಸಿದರು. ಉಳಿದವರಿಗೆ ಸಾಹುಕಾರರು ಬೇಕಿತ್ತು. 1934ರಲ್ಲಿ ಬಂದ ಕನ್ನಡದ ಮೊದಲ ಮಾತಿನ ಚಿತ್ರ ಸತಿ ಸುಲೋಚನಾಕ್ಕೆ ಚಮನ್‌ಲಾಲ್ ಡುಂಗಾಜಿ ಎಂಬ ಮಾರವಾಡಿ ವ್ಯಾಪಾರಿ ಸುಮಾರು 40,000 ರೂಪಾಯಿ ಹಾಕಿದರು. ನಮ್ಮ ನಾಡಿನಲ್ಲಿ ಧ್ವನಿ ಹಿಡಿಯುವ ಸ್ಟುಡಿಯೋ ಇರಲಿಲ್ಲವಾದ್ದರಿಂದ ಕೊಲ್ಹಾಪುರಕ್ಕೆ ಹೋಗಿ ತೆಗೆದರು. ಮರುವರ್ಷ ಸದಾರಮೆಯೂ ಚಿತ್ರವಾಯಿತು, ಅದರಲ್ಲಿ ವೀರಣ್ಣನವರೇ ಪಾತ್ರ ಮಾಡಿದರು. ಆಮೇಲೆ 1941ರಲ್ಲಿ ಸುಭದ್ರಾ, 1942ರಲ್ಲಿ ಜೀವನ ನಾಟಕ. ಈ ಜೀವನ ನಾಟಕದ ಕಥೆ ಅ.ನ.ಕೃ. ಅವರದು, ನಮ್ಮ ಹುಬ್ಬಳ್ಳಿ ಕಡೆಯ ಶಾಂತಾ ಹುಬ್ಳೀಕರ್ ಅದರಲ್ಲಿ ನಟಿಸಿದ್ದಾರೆ. ಆಮೇಲೆ ಹೇಮರೆಡ್ಡಿ ಮಲ್ಲಮ್ಮ. ಅದು ಎರಡನೇ ಮಹಾಯುದ್ಧದ ಕಾಲ, ಕಚ್ಚಾ ಫಿಲ್ಮಿಗೂ ಸಕ್ಕರೆಯ ಹಾಗೆ ರೇಷನ್ ಇತ್ತು.

ಚಿತ್ರ ತೆಗೆಯುವುದಕ್ಕಿಂತ ತೋರಿಸುವುದು ಕಷ್ಟ ಎಂದು ಗುರುಗಳು ನಕಾಶೆ ಬಿಡಿಸಿ ತಿಳಿಸಿದರು. ಆಗ ಕನ್ನಡದ ಜನ ಒಂದೇ ರಾಜ್ಯದಲ್ಲಿ ಇರಲಿಲ್ಲ. ಬಾದಾಮಿ, ವಿಜಾಪುರ ಮುಂಬಯಿ ಪ್ರಾಂತಕ್ಕೆ, ಕಲಬುರಗಿ, ರಾಯಚೂರು ಹೈದರಾಬಾದ್ ನಿಜಾಮನಿಗೆ, ಬಳ್ಳಾರಿ, ಮಂಗಳೂರು ಮದ್ರಾಸಿಗೆ, ಉಳಿದದ್ದರಲ್ಲಿ ಬಹುಪಾಲು ಮೈಸೂರು ಮಹಾರಾಜರಿಗೆ ಸೇರಿತ್ತು. ನಮ್ಮ ಕಡೆಯ ಥಿಯೇಟರಿಗೆ ಹಿಂದಿ, ಮರಾಠಿ ಚಿತ್ರ ಬರುತ್ತಿದ್ದವು. ಬೆಂಗಳೂರಿಗೆ ತಮಿಳು, ತೆಲುಗು ಬರುತ್ತಿದ್ದವು. ಕನ್ನಡ ಚಿತ್ರದ ಡಬ್ಬಿ ಹಿಡಿದುಕೊಂಡು ಹೋದವರಿಗೆ ಥಿಯೇಟರಿನವರು ವಾರ ಕೊಡಬೇಕಲ್ಲ? 1956ರಲ್ಲಿ ಏಕೀಕರಣ ಆಗುವ ತನಕ ಹೀಗೇ ನಡೆಯಿತು. ಅದಕ್ಕೇ ಇರಬೇಕು, ವೀರಣ್ಣನವರು ತಾವೇ ಸಿನಿಮಾ ಥಿಯೇಟರನ್ನೂ ನಡೆಸಿದರು.

1954ರ ಬೇಡರ ಕಣ್ಣಪ್ಪ ಎಲ್ಲರಿಗೂ ಗೊತ್ತು. ಒಬ್ಬರೇ ಭಾರ ಹೊರುವ ಬದಲು ವೀರಣ್ಣನವರು ಮದ್ರಾಸಿನ ಎ.ವಿ. ಮೇಯಪ್ಪನ್ ಅವರ ಜೊತೆ ಕೂಡಿ ಅದನ್ನು ತೆಗೆದರು. ಸ್ಟುಡಿಯೋ ಅವರದು. ಕಥೆ ನಾಟಕದ್ದು. ಕಣ್ಣಪ್ಪನಾದವರು ಗುಬ್ಬಿ ಕಂಪನಿಯಲ್ಲಿ ಬೆಳೆದ ಮುತ್ತುರಾಜ್, ಅಂದರೆ ನಮ್ಮ ಡಾ. ರಾಜ್‌ಕುಮಾರ್! ಅವರ ತಂದೆ ಪುಟ್ಟಸ್ವಾಮಯ್ಯನವರೂ ಅದೇ ಕಂಪನಿಯ ನಟರು. ಚಿತ್ರ ಗೆದ್ದಿತು.

ಇನ್ನೊಂದು ಸಂಗತಿ ನನಗೆ ಇದಕ್ಕಿಂತಲೂ ಹೆಚ್ಚು ಹಿಡಿಸಿತು. ದಕ್ಷಿಣ ಕನ್ನಡದ ಒಬ್ಬ ಹುಡುಗ ಮನೆ ಬಿಟ್ಟು ಓಡಿ ಬಂದು ಗುಬ್ಬಿ ಕಂಪನಿ ಸೇರಿದ್ದ. ವೀರಣ್ಣನವರು ಅವನನ್ನು ಕಾಶಿಗೆ ಕಳಿಸಿ ಓದಿಸಿದರು. ಅವರೇ ಬಿ.ವಿ. ಕಾರಂತರು. ಮುಂದೆ ಕಾರಂತರು ಹಾಡು ಕುಣಿತದ ದೊಡ್ಡ ಖರ್ಚಿಲ್ಲದೆ, ಕಪ್ಪು ಬಿಳುಪಿನಲ್ಲಿ ಚೋಮನ ದುಡಿ ತೆಗೆದರು. ಅದು 1975ನೇ ಸಾಲಿನ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಅದೇ ಕಂಪನಿಯ ಜಿ.ವಿ. ಅಯ್ಯರ್ 1983ರಲ್ಲಿ ಸಂಸ್ಕೃತದಲ್ಲಿ ಮೊದಲ ಚಿತ್ರ ತೆಗೆದರು. ಸಂಸ್ಕೃತ ಸಿನಿಮಾಕ್ಕೆ ಟಿಕೀಟು ತಗೊಳ್ಳೋರು ಎಷ್ಟು ಮಂದಿ ಹೇಳ್ರಿ? ಆದರೂ ತೆಗೆದರು.

ವೀರಣ್ಣನವರು ಇವನ್ನು ನೋಡಲಿಲ್ಲ. 1972ರ ಅಕ್ಟೋಬರ್ 18ರಂದು ಅವರು ತೀರಿಕೊಂಡರು. ಈಗ ಸರ್ಕಾರ ಅವರ ಹೆಸರಿನಲ್ಲಿ ರಂಗಭೂಮಿಯವರಿಗೆ ಪ್ರಶಸ್ತಿ ಕೊಡುತ್ತದೆ.

ಇದನ್ನೆಲ್ಲ ಬರೆದು ಮನೆಯಲ್ಲಿ ಓದಿ ತೋರಿಸಿದೆ. ಅಪ್ಪ ಸುಮ್ಮನೆ ಕೇಳಿದ. ಅವ್ವ ಮಾತ್ರ, ಕಾಶಿಗೆ ಕಳಿಸಿದ ಸಂಗತಿಯನ್ನು ಇನ್ನೊಮ್ಮೆ ಓದಿಸಿದಳು. ಈ ಜಾತ್ರೆಗೂ ಕುರ್ಚಿ ಕೊಡುವುದೆಂದು ಠರಾವಾಗೈತಿ. ಆದರೆ ಅರ್ಧ ಬಾಡಿಗೆ ಮೊದಲೇ ಕೊಡಬೇಕು, ಅದನ್ನು ಎಣಿಸಿಕೊಳ್ಳುವವಳು ಅವ್ವ.