ಐವತ್ತು ವರ್ಷದ ಮೇಲೆ ಕೈ ಬದಲಿಸಿದ ಪದಕ

ಚಳಿ ಅಂದ್ರೆ ನಮಗೇನೂ ಹೊಸದಲ್ಲ. ಡಿಸೆಂಬರ್ ಬಂತೆಂದರೆ ಬೀದರ್, ಭಾಲ್ಕಿ, ಔರಾದ್ ಕಡೆ ಬೆಳಗಿನ ನಲ್ಲಿ ನೀರಿಗೆ ಕೈಯೊಡ್ಡಿದರೆ ಬೆರಳು ಜೋಮು ಹಿಡಿಯುತ್ತೆ. ಠಾಣಾ ಕುಶನೂರದಂಥ ಊರಲ್ಲಿ ಹೊಲದ ದಾರಿ ಹಿಡಿದವರಿಗಂತೂ ಕಂಬಳಿ ಬೇಕೇ ಬೇಕು. ಆದರೆ ಹಿಮ ಅಂದರೆ? ಅದನ್ನು ನಾವು ಕಂಡಿರೋದು ಸಿನಿಮಾ ಹಾಡಿನಲ್ಲಿ, ಇಲ್ಲಾ ಫ್ರಿಜ್ಜಿನೊಳಗೆ ಅಷ್ಟೇ. ಅಂಥದ್ದರಲ್ಲಿ ಹಿಮದ ಮೇಲೆ ಓಡುವ ಒಬ್ಬ ಆಟಗಾರನ ಕಥೆ ನಮಗ್ಯಾಕೆ ಅಂತೀರಾ? ಸ್ವಲ್ಪ ತಾಳಿ. ಈ ಕಥೆಯ ಕೊನೆಯಲ್ಲಿ ಒಬ್ಬ ಮಗಳು ಬರ್ತಾಳೆ. ಅವಳಿಗಾಗಿಯಾದರೂ ಓದಿ.

ಆತನ ಹೆಸರು ಥೋರ್ಲೈಫ್ ಹೌಗ್. ಹುಟ್ಟಿದ್ದು 1894ರ ಸೆಪ್ಟೆಂಬರ್ 28ರಂದು, ನಾರ್ವೆ ದೇಶದ ಲಿಯರ್ ಎಂಬಲ್ಲಿ. ಅಲ್ಲಿ ಚಳಿಗಾಲ ಬಂದರೆ ಹೊಲ, ಗುಡ್ಡ, ದಾರಿ ಎಲ್ಲಾ ಹಿಮದಡಿ ಮುಚ್ಚಿಹೋಗುತ್ತವೆ. ಆಗ ಜನ ಕಾಲಿಗೆ ಸ್ಕೀ ಅನ್ನೋ ಉದ್ದನೆಯ ಪಟ್ಟಿ ಕಟ್ಟಿಕೊಂಡು, ಎರಡೂ ಕೈಯಲ್ಲಿ ಕೋಲು ಹಿಡಿದು ಜಾರುತ್ತಾ ಓಡಾಡ್ತಾರೆ. ಇದೇ ಓಡಾಟ ಪಂದ್ಯವಾದಾಗ ಅದಕ್ಕೆ ಕ್ರಾಸ್ ಕಂಟ್ರಿ ಸ್ಕೀಯಿಂಗ್ ಎಂದು ಹೆಸರು. ಬರೀ ಇಳಿಜಾರಿನಲ್ಲಿ ಜಾರಿಕೊಂಡು ಬರುವ ಆಟವಲ್ಲ ಇದು. ಏರು ಬಂದರೆ ಏರಬೇಕು, ಬಯಲು ಬಂದರೆ ತೋಳು ಕಾಲುಗಳ ಬಲದಿಂದಲೇ ಮುಂದೆ ಸಾಗಬೇಕು.

ಇದರಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು 50 ಕಿಲೋಮೀಟರ್ ಪಂದ್ಯ. ಬೀದರಿನಿಂದ ಹೊರಟು ಭಾಲ್ಕಿ ಮುಟ್ಟಿದ ಮೇಲೂ ಇನ್ನಷ್ಟು ಮುಂದೆ ಹೋಗಬೇಕು, ಅಷ್ಟು ದೂರ ಅಂತ ಲೆಕ್ಕ ಹಾಕಿ! ನಾರ್ವೆಯ ರಾಜಧಾನಿಯ ಪಕ್ಕದ ಹೋಲ್ಮೆನ್‌ಕೊಲೆನ್ ಗುಡ್ಡದಲ್ಲಿ ನಡೆಯುವ ಈ ಪಂದ್ಯ ಗೆಲ್ಲುವುದೆಂದರೆ ಅಲ್ಲಿನವರಿಗೆ ದೊಡ್ಡ ಗೌರವ. ಜೀವಮಾನದಲ್ಲಿ ಒಂದು ಸಲ ಗೆದ್ದರೆ ಸಾಕು ಅನ್ನುವಂಥದ್ದನ್ನು ಹೌಗ್ 1918ರಿಂದ 1921ರವರೆಗೆ ಸತತ ನಾಲ್ಕು ಸಲ ಗೆದ್ದ. 1923 ಮತ್ತು 1924ರಲ್ಲಿ ಮತ್ತೆ ಗೆದ್ದ. ಒಟ್ಟು ಆರು ಸಲ.

1924ರ ಜನವರಿಯಲ್ಲಿ ಫ್ರಾನ್ಸಿನ ಶಾಮೊನಿ ಎಂಬ ಬೆಟ್ಟದ ಊರಿನಲ್ಲಿ ಚಳಿಗಾಲದ ಕ್ರೀಡಾಕೂಟ ನಡೆಯಿತು. ಅದನ್ನೇ ಆಮೇಲೆ ಮೊದಲ ಚಳಿಗಾಲದ ಒಲಿಂಪಿಕ್ಸ್ ಎಂದು ಮಾನ್ಯ ಮಾಡಿದರು. ಅಲ್ಲಿ ಹೆಣ್ಣುಮಕ್ಕಳಿಗೆ ಅವಕಾಶ ಇದ್ದದ್ದು ಫಿಗರ್ ಸ್ಕೇಟಿಂಗ್ ಒಂದರಲ್ಲೇ. ಒಲಿಂಪಿಕ್ಸ್‌ನಲ್ಲಿ ಅವರು ಕ್ರಾಸ್ ಕಂಟ್ರಿಗೆ ಇಳಿಯೋಕೆ 1952ರ ತನಕ ಕಾಯಬೇಕಾಯ್ತು. (ಇವತ್ತು ನಮ್ಮ ಕೊಡಗಿನ ಭವಾನಿ ತೆಕ್ಕಡ ಇದೇ ಆಟದಲ್ಲಿ ಹೆಸರು ಮಾಡಿದ್ದಾರೆ, ಗೊತ್ತಾ?)

ಶಾಮೊನಿಯಲ್ಲಿ ಹೌಗ್ 50 ಕಿಲೋಮೀಟರನ್ನು 3 ಗಂಟೆ 44 ನಿಮಿಷ 32 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದ. 18 ಕಿಲೋಮೀಟರಿನಲ್ಲೂ ಚಿನ್ನ. ಓಟ, ಜಿಗಿತ ಎರಡೂ ಸೇರಿದ ನಾರ್ಡಿಕ್ ಕಂಬೈನ್ಡ್ ಸ್ಪರ್ಧೆಯಲ್ಲೂ ಚಿನ್ನ. ಸಾಲದ್ದಕ್ಕೆ ಸ್ಕೀ ಜಿಗಿತದಲ್ಲಿ ಮೂರನೇ ಸ್ಥಾನ, ಕಂಚಿನ ಪದಕ. ಅದೇ ಜಿಗಿತದಲ್ಲಿ ನಾಲ್ಕನೆಯವನಾಗಿ ಬರಿಗೈಯಲ್ಲಿ ಹೋದವನು ಆಂಡರ್ಸ್ ಹೌಗೆನ್. ಆತ ನಾರ್ವೆಯಲ್ಲೇ ಹುಟ್ಟಿ, ಅಮೆರಿಕಕ್ಕೆ ಹೋಗಿ ನೆಲೆಸಿ, ಆ ದೇಶದ ಪರವಾಗಿ ಬಂದಿದ್ದ.

ಹೌಗ್‌ನ ಆಯುಷ್ಯ ಮಾತ್ರ ಚಿಕ್ಕದಾಯ್ತು. 1934ರ ಡಿಸೆಂಬರ್ 12ರಂದು ನ್ಯುಮೋನಿಯಾ ಆತನನ್ನು ಬಲಿ ತೆಗೆದುಕೊಂಡಿತು. ವಯಸ್ಸು ಬರೀ 40. ಅಷ್ಟು ಹಿಮ, ಅಷ್ಟು ದೂರ ಗೆದ್ದ ದೇಹ ಒಂದು ಕಾಯಿಲೆಗೆ ಸೋತಿತು. ಮುಂದೆ 1946ರಲ್ಲಿ ಡ್ರಾಮೆನ್ ಪಟ್ಟಣದಲ್ಲಿ ಆತನ ಪ್ರತಿಮೆ ನಿಲ್ಲಿಸಿದರು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಶಾಮೊನಿಗೆ 50 ವರ್ಷ ತುಂಬಿದ 1974ರಲ್ಲಿ, ಆತನ ಜೊತೆ ಆಡಿದ್ದ ಥೋರಾಲ್ಫ್ ಸ್ಟ್ರೋಮ್‌ಸ್ಟಾಡ್ ಒಂದು ಸಂಶಯ ಎತ್ತಿದ. ಜಿಗಿತದ ಅಂಕ ಕೂಡಿಸುವಾಗ ಎಲ್ಲೋ ತಪ್ಪಾಗಿದೆ ಅನ್ನೋದು ಆತನ ಅನುಮಾನ. ಇತಿಹಾಸಕಾರ ಯಾಕೋಬ್ ವೋಗೆ ಹಳೆಯ ಲೆಕ್ಕ ತೆಗೆದು ನೋಡಿದರೆ, ಹೌದು! ಹೌಗ್‌ಗೆ ಕೊಟ್ಟದ್ದು 18.000 ಅಂಕ, ಬರಬೇಕಾಗಿದ್ದದ್ದು 17.821. ಹೌಗೆನ್‌ನದು 17.916. ಅಂದರೆ ಕಂಚು ನಿಜವಾಗಿ ಹೌಗೆನ್‌ಗೆ ಸೇರಬೇಕಿತ್ತು. ಹೌಗ್ ಮೋಸ ಮಾಡಿರಲಿಲ್ಲ. ಲೆಕ್ಕ ಬರೆದವರ ಕೈತಪ್ಪು ಅದು.

ಈಗ ಹೇಳಿ, ಅಪ್ಪ ತೀರಿಕೊಂಡು 40 ವರ್ಷ ಆಗಿದೆ. ಆ ಪದಕ ಮನೆಯಲ್ಲಿ ಆತನ ನೆನಪಾಗಿ ಉಳಿದಿದೆ. ನೀವಾಗಿದ್ದರೆ ಏನು ಮಾಡ್ತಿದ್ರಿ? ಹೌಗ್‌ನ ಮಗಳು 1974ರ ಸೆಪ್ಟೆಂಬರ್‌ನಲ್ಲಿ ಓಸ್ಲೋ ನಗರದ ಸಮಾರಂಭದಲ್ಲಿ, 85ರ ಹರೆಯದ ಹೌಗೆನ್ ಕೈಗೆ ತಾನೇ ಆ ಪದಕ ಒಪ್ಪಿಸಿದಳು. ಮನೆಯಿಂದ ಒಂದು ಕಂಚು ಹೋಯ್ತು, ಅಪ್ಪನ ಹೆಸರಿಗೆ ಚೂರೂ ಕುಂದು ಬರಲಿಲ್ಲ. ಮೂರು ಚಿನ್ನ ಆತನವೇ, ಆರು ಗೆಲುವು ಆತನವೇ. ಉಳಿದದ್ದೆಲ್ಲಾ ಅಪ್ಪಟವಾದದ್ದು ಎಂದು ಲೋಕಕ್ಕೆ ಇನ್ನಷ್ಟು ಗಟ್ಟಿಯಾಗಿ ತಿಳಿಯಿತು.

ಇಂಥ ಪರೀಕ್ಷೆ ನಮ್ಮ ಮನೆಗೂ ಬರುತ್ತೆ, ಚಿಕ್ಕದಾಗಿ. ಕೂಡಿಸುವುದರಲ್ಲಿ ತಪ್ಪಾಗಿ ಮಗುವಿಗೆ ಐದು ಮಾರ್ಕ್ಸ್ ಜಾಸ್ತಿ ಬಿದ್ದಿರುತ್ತೆ. ಕಾಯಿಪಲ್ಲೆಯವಳು ಗಡಿಬಿಡಿಯಲ್ಲಿ ಹೆಚ್ಚು ಚಿಲ್ಲರೆ ಕೊಟ್ಟಿರ್ತಾಳೆ. ನಾವೇನು ಕದ್ದೆವಾ, ಸುಮ್ಮನಿದ್ದುಬಿಡು ಎಂದು ಹೇಳೋದು ಬಹಳ ಸುಲಭ. ಆದರೆ ಆ ಐದು ಮಾರ್ಕ್ಸಿನಿಂದ ತರಗತಿಯಲ್ಲಿ ಇನ್ಯಾವುದೋ ಮಗು ಹಿಂದೆ ಬಿದ್ದಿರಬಹುದು. ಆ ಚಿಲ್ಲರೆ ಆಕೆಯ ಅವತ್ತಿನ ದುಡಿಮೆಯೇ ಇರಬಹುದು. ಅರ್ಧ ಶತಮಾನ ಕಾದ ಹೌಗೆನ್‌ನನ್ನು ನೆನಪಿಸಿಕೊಳ್ಳಿ.

ಮಗುವನ್ನು ಗದರಿಸಿ ಕಳಿಸಬೇಡಿ. ಉತ್ತರಪತ್ರಿಕೆ ಹಿಡಿದು ನೀವೂ ಜೊತೆಗೆ ಶಾಲೆಗೆ ಹೋಗಿ. ಚಿಲ್ಲರೆಯನ್ನು ಅದರ ಕೈಯಿಂದಲೇ ವಾಪಸ್ ಕೊಡಿಸಿ. ಮಾರ್ಕ್ಸ್ ಕಡಿಮೆಯಾದ ದಿನ ಮನೆಯಲ್ಲಿ ಮುಖ ಸಣ್ಣದು ಮಾಡಿಕೊಳ್ಳದೆ ಅದಕ್ಕಿಷ್ಟವಾದ ಅಡುಗೆ ಮಾಡಿ. ತಪ್ಪಿ ಬಂದದ್ದನ್ನು ಹಿಂದಿರುಗಿಸಿದರೆ ಮರ್ಯಾದೆ ಹೋಗಲ್ಲ ಎಂಬುದು ಆಗ ಅದಕ್ಕೇ ಅರ್ಥವಾಗುತ್ತೆ.