ಜೇನಿನ ತಳಿ ಹುಡುಕಿದ ಸನ್ಯಾಸಿ ಬ್ರದರ್ ಆಡಂ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಹೊತ್ತಿನಲ್ಲಿ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ನಾವು ಎಸ್.ಎಸ್.ಎಲ್.ಸಿ. ತನಕ ಓದಿದವರು, ಬರವಣಿಗೆ ನಮ್ಮ ಕಸುಬಲ್ಲ. ಆದರೂ ತೋಟದ ಜೊತೆಗೆ ನಾಲ್ಕು ಜೇನುಪೆಟ್ಟಿಗೆ ಇಟ್ಟುಕೊಂಡವರಾದ್ದರಿಂದ, ಜೇನು ಸಾಕಣೆಯಲ್ಲಿ ಲೋಕಪ್ರಸಿದ್ಧರಾದ ಒಬ್ಬ ಹಿರಿಯರ ಜೀವನವನ್ನು ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇವೆ.

ಬ್ರದರ್ ಆಡಂ ಅವರ ಹುಟ್ಟುಹೆಸರು ಕಾರ್ಲ್ ಕೆರ್ಲೆ. 1898ರ ಆಗಸ್ಟ್ 3ರಂದು ಜರ್ಮನಿಯ ಮಿಟ್ಟೆಲ್‌ಬೀಬರಾಖ್ ಎಂಬ ಹಳ್ಳಿಯಲ್ಲಿ ಜನಿಸಿದರು. ಆರೋಗ್ಯ ಅಷ್ಟಕ್ಕಷ್ಟೇ. 1910ರಲ್ಲಿ, ಇನ್ನೂ ಹನ್ನೊಂದರ ಹುಡುಗನಾಗಿದ್ದಾಗ, ತಾಯಿ ಅವರನ್ನು ಇಂಗ್ಲೆಂಡಿನ ಡೆವನ್ ಪ್ರಾಂತದ ಬಕ್‌ಫಾಸ್ಟ್ ಎಂಬಲ್ಲಿರುವ ಕ್ರೈಸ್ತ ಸನ್ಯಾಸಿಗಳ ಮಠಕ್ಕೆ ಕಳುಹಿಸಿಕೊಟ್ಟರು. ಅಲ್ಲಿನ ಸನ್ಯಾಸಿಗಳು ಆಗ ತಾವೇ ಕಲ್ಲು ಹೊತ್ತು ಇಗರ್ಜಿ ಕಟ್ಟುತ್ತಿದ್ದರು. ಈ ಹುಡುಗನಿಗೆ ಕಲ್ಲಿನ ಕೆಲಸ ಆಗಿಬರಲಿಲ್ಲ. ಹಾಗಾಗಿ 1915ರಲ್ಲಿ ಮಠದ ಜೇನುಪೆಟ್ಟಿಗೆ ನೋಡಿಕೊಳ್ಳುತ್ತಿದ್ದ ಹಿರಿಯ ಸನ್ಯಾಸಿಗೆ ಸಹಾಯಕನಾಗಿ ಹಾಕಿದರು. ಕೈಲಾಗದವನಿಗೆ ಹಗುರ ಕೆಲಸ ಎಂದು ಕೊಟ್ಟದ್ದೇ ಮುಂದೆ ಎಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟ ಕಾಯಕವಾಯಿತು.

ಅದೇ ಕಾಲಕ್ಕೆ ಇಂಗ್ಲೆಂಡಿನ ಜೇನಿಗೆ ದೊಡ್ಡ ಮಾರಿ ಬಡಿದಿತ್ತು. ಐಲ್ ಆಫ್ ವೈಟ್ ಎಂಬ ದ್ವೀಪದಲ್ಲಿ ಮೊದಲು ಕಂಡ ರೋಗ ದೇಶವೆಲ್ಲ ಹಬ್ಬಿತು. ಹಾರಲಾಗದ ಹುಳುಗಳು ಪೆಟ್ಟಿಗೆ ಮುಂದೆ ನೆಲದ ಮೇಲೆ ತೆವಳಿ ಸಾಯುತ್ತಿದ್ದವು. ಜೇನಿನ ಉಸಿರುನಾಳದೊಳಗೆ ಸೇರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯೇ ಕಾರಣ ಎಂದು ಮುಂದೆ ವಿಜ್ಞಾನಿಗಳು ಹೇಳಿದರು. ವೈರಸ್ಸಿನ ಪಾಲೂ ಇದ್ದಿರಬೇಕು ಎನ್ನುವುದು ಈಗಿನವರ ಅಭಿಪ್ರಾಯ. 1916ರ ಹೊತ್ತಿಗೆ ಮಠದ 46 ಕುಟುಂಬಗಳಲ್ಲಿ 30 ಸತ್ತು ಬರೀ 16 ಉಳಿದವು.

ಅಯ್ಯೋ ಹೋಯ್ತಲ್ಲ ಎಂದು ಕೈಚೆಲ್ಲಿ ಕೂರುವುದು ಸಹಜ. ಈ ಹದಿನೆಂಟರ ಯುವಕ ಹಾಗೆ ಮಾಡಲಿಲ್ಲ. ಸತ್ತ ಮೂವತ್ತನ್ನು ಬಿಟ್ಟು ಉಳಿದ ಹದಿನಾರನ್ನು ಗಮನಿಸಿದರು. ಸತ್ತದ್ದು ಅಲ್ಲಿನ ನಾಡತಳಿಯ ಕಪ್ಪು ಜೇನು. ಉಳಿದದ್ದು ಇಟಲಿ ರಾಣಿಯ ಸಂತತಿ ಅಥವಾ ಅದರ ಬೆರಕೆ. ಒಂದೇ ಅಂಗಳ, ಒಂದೇ ಹೂವು, ಒಂದೇ ಆರೈಕೆ ಇದ್ದೂ ಒಂದು ಸತ್ತು ಇನ್ನೊಂದು ಬದುಕಿದ್ದರೆ ಅದು ತಳಿಯ ಗುಣವೇ ಇರಬೇಕು ಎಂದು ಅವರಿಗೆ ಹೊಳೆಯಿತು. 1919ರಲ್ಲಿ ಜೇನಿನ ಪೂರ್ತಿ ಜವಾಬ್ದಾರಿ ಅವರ ಹೆಗಲಿಗೆ ಬಂತು.

ಜೇನಿನ ತಳಿ ಸುಧಾರಣೆ ದನ, ಕುರಿಯದ್ದರಷ್ಟು ಸುಲಭ ಅಲ್ಲ. ರಾಣಿ ಮಾಡಿಕೊಳ್ಳುವುದೇನೋ ಆಗುವ ಕೆಲಸವೇ. ಒಳ್ಳೆಯ ಕುಟುಂಬದ, ಮೊಟ್ಟೆಯೊಡೆದು ಒಂದು ದಿನ ದಾಟದ ಎಳೆ ಮರಿಹುಳುವನ್ನು ಮೇಣದ ಪುಟ್ಟ ಬಟ್ಟಲಿಗೆ ಇಳಿಸಿ, ರಾಣಿಯಿಲ್ಲದ ಬಲಿಷ್ಠ ಕುಟುಂಬಕ್ಕೆ ಕೊಟ್ಟರೆ ಅವು ರಾಜಶಾಹಿ ರಸ ಉಣಿಸಿ ರಾಣಿ ಮಾಡುತ್ತವೆ. ಮೊಟ್ಟೆ ಇಟ್ಟ ದಿನದಿಂದ ಸುಮಾರು 16 ದಿನಕ್ಕೆ ರಾಣಿ ಹೊರಗೆ ಬರುತ್ತದೆ. ಕಷ್ಟ ಇರುವುದು ಆಮೇಲೆ. ರಾಣಿ ಕೂಡುವುದು ಆಕಾಶದಲ್ಲಿ, ಅದೂ ಹತ್ತಾರು ಗಂಡುಜೇನುಗಳ ಜೊತೆ. ಅಲ್ಲಿ ನಮ್ಮ ಮಾತು ನಡೆಯುವುದಿಲ್ಲ. ತಾಯಿ ಎಷ್ಟೇ ಒಳ್ಳೆಯದಾದರೂ ತಂದೆ ಯಾರೋ ಏನೋ.

ಇದಕ್ಕೆ ಅವರು ಕಂಡುಕೊಂಡ ಉಪಾಯ ನೋಡಿ. ಮಠದ ಹತ್ತಿರವೇ ಡಾರ್ಟ್‌ಮೂರ್ ಎಂಬ ಎತ್ತರದ ಬಯಲುಸೀಮೆ. ಮರವಿಲ್ಲ, ಸದಾ ಗಾಳಿ, ಮೈಲಿಗಟ್ಟಲೆ ಬೇರೆ ಜೇನಿಲ್ಲ. 1925ರಲ್ಲಿ ಅಲ್ಲಿ ರಾಣಿ ಕೂಡಿಸುವ ಕೇಂದ್ರ ಮಾಡಿದರು. ಎಳೆ ರಾಣಿಗಳನ್ನು ಸಣ್ಣ ಪೆಟ್ಟಿಗೆಗಳಲ್ಲಿಟ್ಟು, ತಾವು ಆರಿಸಿದ ಕುಟುಂಬದ ಗಂಡುಜೇನು ಮಾತ್ರ ಅಲ್ಲಿರುವಂತೆ ನೋಡಿಕೊಂಡರು. ಹೀಗೆ ವರ್ಷಾನುಗಟ್ಟಲೆ ದುಡಿದು ರೂಪಿಸಿದ ತಳಿಯೇ ಬಕ್‌ಫಾಸ್ಟ್ ಜೇನು.

1950ರಲ್ಲಿ, ಐವತ್ತು ದಾಟಿದ ಮೇಲೆ, ಒಳ್ಳೆಯ ತಳಿ ಹುಡುಕಿ ಹೊರಟರು. ಫ್ರಾನ್ಸ್, ಗ್ರೀಸ್, ಸೈಪ್ರಸ್, ತುರ್ಕಿ, ಈಜಿಪ್ಟ್, ಮೊರಾಕೊ ಹೀಗೆ ದೇಶ ದೇಶ ಸುತ್ತಿ ರಾಣಿಗಳನ್ನು ಸಂಗ್ರಹಿಸಿದರು. ಅವರು ಕಂಡುಕೊಂಡದ್ದೇನೆಂದರೆ ಎಲ್ಲ ಗುಣವೂ ಒಂದೇ ತಳಿಯಲ್ಲಿ ಇರುವುದಿಲ್ಲ. ಇಟಲಿಯದು ಮರಿ ಹೆಚ್ಚು ಮಾಡುತ್ತದೆ, ಆದರೆ ಕೂಡಿಟ್ಟ ತುಪ್ಪವನ್ನೂ ತಿಂದು ಖಾಲಿ ಮಾಡುತ್ತದೆ. ಕಾರ್ನಿಯೋಲ ತಳಿ ಬಲು ಸಾಧು, ಆದರೆ ಪಾಲಾಗಿ ಹಾರಿಹೋಗುವ ಚಾಳಿ. ತುರ್ಕಿಯ ಅನತೋಲಿಯದ್ದು ಮಿತವ್ಯಯಿ. ಬಣ್ಣ ನೋಡಿ ಮರುಳಾಗದೆ, ಒಂದೊಂದರಿಂದ ಬೇಕಾದ ಗುಣ ಬೆರೆಸಿ, ತಮ್ಮ ಅಂಗಳದಲ್ಲೇ ಪರೀಕ್ಷಿಸಿ, ಲೆಕ್ಕ ಬರೆದಿಟ್ಟು, ಸೋತದ್ದನ್ನು ಮುಲಾಜಿಲ್ಲದೆ ಕೈಬಿಟ್ಟರು.

ಟೀಕೆಯೂ ಇತ್ತು. ಬೆರಕೆಯಿಂದ ನಾಡತಳಿ ಕೆಡುತ್ತದೆ ಎನ್ನುವವರು ಯುರೋಪಿನಲ್ಲಿ ಇಂದಿಗೂ ಇದ್ದಾರೆ. ಬಕ್‌ಫಾಸ್ಟ್ ರಾಣಿಯ ಹೆಣ್ಣುಮಕ್ಕಳು ಊರಿನ ಗಂಡುಜೇನಿನ ಜೊತೆ ಕೂಡಿದರೆ ಮುಂದಿನ ಪೀಳಿಗೆ ಸಿಡುಕಾಗಬಹುದು ಎನ್ನುವ ದೂರೂ ಇದೆ. ಅದನ್ನೂ ಹೇಳದಿದ್ದರೆ ತಪ್ಪಾದೀತು.

1973ರಲ್ಲಿ ಬ್ರಿಟಿಷ್ ಸರಕಾರದ ಓ.ಬಿ.ಇ. ಗೌರವ ಬಂತು. 1987ರಲ್ಲಿ, ತೊಂಬತ್ತರ ಹತ್ತಿರದ ಪ್ರಾಯದಲ್ಲಿ, ಗುಡ್ಡದ ಕಪ್ಪು ಜೇನನ್ನು ಹುಡುಕಿ ಆಫ್ರಿಕದ ಕಿಲಿಮಂಜಾರೋಕ್ಕೆ ಹೋದರು. ನಡೆಯಲಾಗದ ಕಡೆ ಜೊತೆಯವರು ಹೊತ್ತುಕೊಂಡು ಹೋದರು. 1992ರಲ್ಲಿ ಜೇನಿನ ಹೊಣೆ ಬಿಟ್ಟುಕೊಟ್ಟರು. ಅದೇ ವರ್ಷ ವರೋವಾ ನುಸಿ ಇಂಗ್ಲೆಂಡಿಗೆ ಕಾಲಿಟ್ಟಿತು. ಹೋರಾಟ ಮುಗಿಯುವಂಥದ್ದಲ್ಲ. 1996ರ ಸೆಪ್ಟೆಂಬರ್ 1ರಂದು, 98ನೇ ವಯಸ್ಸಿನಲ್ಲಿ, ಅವರು ದೈವಾಧೀನರಾದರು.

ಇದನ್ನೆಲ್ಲ ನಮ್ಮ ಊರಿನಲ್ಲಿ ಯಾಕೆ ಹೇಳಬೇಕು? ಕಾರಣ ಇದೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಕರ್ನಾಟಕದ ತುಡುವೆ ಜೇನನ್ನು ಗುಡಿಸಿ ಹಾಕಿತು. ಆಗ ನಾವು ಪ್ರೈಮರಿ ಶಾಲೆಯ ಹುಡುಗರು. ನಮ್ಮ ತೀರ್ಥರೂಪರ ಇಪ್ಪತ್ತು ಪೆಟ್ಟಿಗೆಗಳಲ್ಲಿ ಎರಡು ಉಳಿದವು. ಆ ಎರಡು ಯಾಕೆ ಉಳಿದವು ಎಂದು ಯಾರೂ ಕೇಳಲಿಲ್ಲ. ಒಂದನ್ನು ಮಾರಿದೆವು, ಇನ್ನೊಂದು ಹಾರಿಹೋಯಿತು. ಬ್ರದರ್ ಆಡಂ ಹದಿನಾರರಿಂದ ಶುರು ಮಾಡಿದರು, ನಮ್ಮ ಮನೆಯಲ್ಲಿ ಎರಡನ್ನೂ ಉಳಿಸಿಕೊಳ್ಳಲಿಲ್ಲ. ಈ ಮಾತು ಇವತ್ತಿಗೂ ನಮ್ಮನ್ನು ಚುಚ್ಚುತ್ತದೆ.

ಅವರ ತಳಿ ತರಿಸೋಣ ಎಂದು ನಾವು ಹೇಳುತ್ತಿಲ್ಲ. ಅದು ಯುರೋಪಿನ ಜೇನು, ತುಡುವೆಯ ಜಾತಿಯೇ ಬೇರೆ, ಒಂದಕ್ಕೊಂದು ಬೆರೆಯುವುದೂ ಇಲ್ಲ. ತರಬೇಕಾದ್ದು ಅವರ ಕ್ರಮ. ಈಗ ನಾವೆಲ್ಲ ಕೈಗೆ ಸಿಕ್ಕಿದ ಕುಟುಂಬವನ್ನು ಪಾಲು ಮಾಡುತ್ತೇವೆ. ಅದರ ಬದಲು ಪ್ರತಿ ಪೆಟ್ಟಿಗೆಗೂ ಒಂದು ಚೀಟಿ ಇಟ್ಟು ರೋಗ, ತುಪ್ಪ, ಸಿಟ್ಟು, ಹಾರುವ ಚಾಳಿ ಬರೆದಿಡೋಣ. ರೋಗ ಬಂದಾಗ ತಡೆದು ನಿಂತ ಕುಟುಂಬಗಳಿಂದಲೇ ರಾಣಿ ಮಾಡಿಕೊಳ್ಳೋಣ. ಒಂದೇ ಪೆಟ್ಟಿಗೆ ನೆಚ್ಚಿದರೆ ಒಳಸಂಬಂಧವಾಗಿ ಮರಿ ಪೊಳ್ಳು ಬೀಳುತ್ತದೆ, ಆದ್ದರಿಂದ ಹತ್ತು ಮನೆಯವರು ಸೇರಲೇಬೇಕು. ರಾಣಿ ಆಕಾಶದಲ್ಲಿ ಕೂಡುವಾಗ ಪಕ್ಕದ ತೋಟದವರ ಗಂಡುಜೇನೂ ಲೆಕ್ಕಕ್ಕೆ ಬರುತ್ತದಲ್ವೇ? ಡಾರ್ಟ್‌ಮೂರ್ ನಮಗಿಲ್ಲ, ಸಂಘ ಇದೆ. ಒಬ್ಬರಿಂದ ಆಗದ್ದು ಸಹಕಾರದಿಂದ ಆದೀತು.